ಅಪ್ಪನ ಬರಿಗಾಲು, ಮಗನ ಬರಿಗಾಲು

ಪ್ರಶ್ನೆ: ನಮ್ಮದು ಬಾಗಲಕೋಟೆ ಜಿಲ್ಲೆಯ ಒಂದು ಹಳ್ಳಿ. ಅಪ್ಪನಿಗೆ 61 ವರ್ಷ, ಒಕ್ಕಲುತನ ಮಾಡುತ್ತಾರೆ. ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದೆ, ಗುಳಿಗೆ ತೆಗೆದುಕೊಳ್ಳುತ್ತಾರೆ. ಹೋದ ತಿಂಗಳು ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ ಪರೀಕ್ಷೆ) 8.9 ಬಂದಿತ್ತು. ಪ್ರತಿ ಯುಗಾದಿಗೆ ಮಲ್ಲಯ್ಯನ ಕಂಬಿ (ಭಕ್ತರು ಹೆಗಲ ಮೇಲೆ ಹೊರುವ ದೇವರ ಕಾವಡಿ) ಜೊತೆ ಬರಿಗಾಲಲ್ಲಿ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವ ಹರಕೆ ಅವರದು. ಸುಮಾರು 400 ಕಿಲೋಮೀಟರ್ ದಾರಿ, ಹನ್ನೊಂದು ವರ್ಷದಿಂದ ತಪ್ಪಿಸಿಲ್ಲ. ಹೋದ ವರ್ಷ ಬಂದಾಗ ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಗುಳ್ಳೆ ಒಡೆದು ಹುಣ್ಣಾಗಿತ್ತು. ಮಾಯಲು ಎರಡೂವರೆ ತಿಂಗಳು ಹಿಡಿಯಿತು. ಆದರೆ ನೋವೇ ಇರಲಿಲ್ಲ ಅನ್ನುತ್ತಾರೆ. ರಾತ್ರಿ ಅಂಗಾಲು ಉರಿ ಅಂತ ಒದ್ದೆ ಬಟ್ಟೆ ಸುತ್ತಿಕೊಂಡು ಮಲಗುತ್ತಾರೆ, ಹಗಲು ನೆಲ ತಂಪು ಅಂತ ಬರಿಗಾಲಲ್ಲೇ ಓಡಾಡುತ್ತಾರೆ. ಈ ಸಲವೂ ಹೊರಟು ನಿಂತಿದ್ದಾರೆ. ಬೇಡ ಅಂದರೆ, "ಹುಟ್ಟಿದಾಗಿಂದ ಬರಿಗಾಲ್ಲೇ ನಡದಾಂವ ನಾ, ನನ್ನ ಅಂಗಾಲು ಎತ್ತಿನ ಗೊರಸಿದ್ದಂಗ ಐತಿ" ಅನ್ನುತ್ತಾರೆ. ಬೆಂಗಳೂರಿನಲ್ಲಿರುವ ಅಣ್ಣ, ಬರಿಗಾಲಲ್ಲಿ ಮಣ್ಣು ತುಳಿದರೆ ಸಕ್ಕರೆ ಇಳಿಯುತ್ತದೆ ಅಂತ ವಿಡಿಯೊ ಕಳಿಸುತ್ತಾನೆ, ಅಪ್ಪನಿಗೆ ಅದೇ ಬಲ. ಇನ್ನೊಂದು: ನನ್ನ ಒಂದೂವರೆ ವರ್ಷದ ಮಗನಿಗೆ ನಮ್ಮ ಮನೆಯವರು ಪೀಂ ಪೀಂ ಅನ್ನುವ ಬೂಟು ತಂದಿದ್ದಾರೆ. ಕೂಸಿಗೆ ಬೂಟು ಹಾಕಬೇಡ ಅಂತ ಅಜ್ಜನ ಹಟ. ನನಗೂ ಬೆಳಿಗ್ಗೆ ಎದ್ದ ಕೂಡಲೇ ಹಿಮ್ಮಡಿ ಊರಲಾಗದಷ್ಟು ನೋವು. ಬರಿಗಾಲು ಒಳ್ಳೆಯದೋ ಕೆಟ್ಟದ್ದೋ ತಿಳಿಸಿ.

ಉತ್ತರ: ಒಂದೇ ಮನೆಯ ಮೂರು ತಲೆಮಾರಿನ ಕಾಲುಗಳ ಬಗ್ಗೆ ಒಟ್ಟಿಗೆ ಕೇಳಿದ್ದೀರಿ. ಉತ್ತರ ಮೊದಲು ಹೇಳಿಬಿಡುತ್ತೇನೆ, ಕಾರಣ ಆಮೇಲೆ. ನಿಮ್ಮ ಮಗ ಮನೆಯಲ್ಲಿ ಬರಿಗಾಲಲ್ಲೇ ಆಡಲಿ, ಆ ವಿಷಯದಲ್ಲಿ ಅಜ್ಜನ ಮಾತೇ ಸರಿ. ನೀವು ಅಡುಗೆಮನೆಯಲ್ಲಿ ಮೆತ್ತನೆಯ ಚಪ್ಪಲಿ ಮೆಟ್ಟಿಕೊಳ್ಳಿ. ಆ ಅಜ್ಜ ಮಾತ್ರ ಇನ್ನುಮೇಲೆ ಬಚ್ಚಲಿಗೂ ಬರಿಗಾಲಲ್ಲಿ ಹೋಗುವಂತಿಲ್ಲ. ಶ್ರೀಶೈಲದ ಮಾತು ದೂರವೇ ಉಳಿಯಿತು.

ನಿಮ್ಮ ಪತ್ರದಲ್ಲಿ ಹುಣ್ಣಿಗಿಂತ ನನ್ನನ್ನು ಹೆಚ್ಚು ಹೆದರಿಸಿದ್ದು "ನೋವೇ ಇರಲಿಲ್ಲ" ಎಂಬ ಮಾತು. ಎರಡೂವರೆ ತಿಂಗಳು ಹುಣ್ಣು ಇಟ್ಟುಕೊಂಡು ಹೊಲಕ್ಕೆ ಹೋಗಿ ಬಂದರೂ ನೋವಾಗಲಿಲ್ಲ ಅಂದರೆ ಮನೆಯವರು ಯಜಮಾನರು ಗಟ್ಟಿಗರು ಅಂದುಕೊಳ್ಳುತ್ತಾರೆ. ನಮ್ಮ ಒಪಿಡಿಯಲ್ಲಿ ಅದೇ ಮಾತಿಗೆ ಬೇರೆ ಅರ್ಥ ಇದೆ: ಪಾದದ ನರಗಳು ಕೆಲಸ ಬಿಟ್ಟಿವೆ.

ನಾನು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಸಕ್ಕರೆ ಕಾಯಿಲೆಯವರ ಪಾದಗಳನ್ನೇ ನೋಡುತ್ತ ಬಂದವನು. ಒಮ್ಮೆ ಒಬ್ಬ ಹಿರಿಯರು ಒಳಗೆ ಬಂದು ಕುಳಿತರು. ಎಡಗಾಲಲ್ಲಿ ಹವಾಯಿ ಚಪ್ಪಲಿ, ಬಲಗಾಲು ಬರಿದು. "ಇನ್ನೊಂದು ಎಲ್ಲಿ ಯಜಮಾನರೇ?" ಅಂದೆ. ಬಗ್ಗಿ ನೋಡಿಕೊಂಡರು. ಬಸ್ ಸ್ಟ್ಯಾಂಡಿನಿಂದ ನಡೆದು ಬರುವಾಗ ಎಲ್ಲೋ ಕಳಚಿ ಬಿದ್ದಿತ್ತು, ಅವರಿಗೆ ಅದು ಗೊತ್ತೇ ಆಗಿರಲಿಲ್ಲ. ಆ ಪಾದ ಎತ್ತಿ ನೋಡಿದರೆ ನಡುವೆ ಒಂದು ಕರಿ ಚುಕ್ಕೆ. ಚಿಮಟದಿಂದ ಹಿಡಿದು ಎಳೆದೆ. ಮುಕ್ಕಾಲು ಇಂಚಿನ ಜಾಲಿಮುಳ್ಳು ಬಂತು, ಅದರ ಹಿಂದೆಯೇ ಕೀವು. ಅಂದರೆ ಅದು ಅವತ್ತು ಚುಚ್ಚಿದ ಮುಳ್ಳಲ್ಲ. ಅವರು ಮುಳ್ಳನ್ನು ಅಂಗೈಮೇಲೆ ಇಟ್ಟುಕೊಂಡು, "ಯಾವಾಗ ನಟ್ಟಿತ್ತೋ ಏನೋರೀ" ಅಂದರು.

ಇದು ಆಗುವುದು ಹೀಗೆ. ಸಕ್ಕರೆ ಹೆಚ್ಚಿರುವ ರಕ್ತ ವರ್ಷಗಟ್ಟಲೆ ಹರಿದರೆ ಉದ್ದದ ನರಗಳು ಮೊದಲು ಕೆಡುತ್ತವೆ. ಎಲ್ಲಕ್ಕಿಂತ ಉದ್ದದವು ಸೊಂಟದಿಂದ ಕಾಲ್ಬೆರಳ ತುದಿಗೆ ಹೋಗುವ ನರಗಳು. ಹಾಗಾಗಿ ಕೇಡು ಬೆರಳ ತುದಿಯಲ್ಲಿ ಶುರುವಾಗಿ, ಕಾಲುಚೀಲ ಏರಿಸಿದ ಹಾಗೆ ಮೇಲೆ ಬರುತ್ತದೆ. ಮುಟ್ಟಿದ್ದು, ಚುಚ್ಚಿದ್ದು, ಸುಟ್ಟದ್ದು ತಿಳಿಸುವ ನರ ಮಂಕಾಗುತ್ತದೆ. ಪಾದದೊಳಗಿನ ಸಣ್ಣ ಸ್ನಾಯುಗಳನ್ನು ಆಡಿಸುವ ನರ ಸೋತು, ಬೆರಳುಗಳು ಹದ್ದಿನ ಉಗುರಿನಂತೆ ಮಡಚಿಕೊಳ್ಳುತ್ತವೆ. ಆಗ ಬೆರಳ ಬುಡದ ಎಲುಬು ಕೆಳಕ್ಕೆ ಒತ್ತಿ, ಮೈಭಾರ ಅಲ್ಲಿಗೇ ಬೀಳುತ್ತದೆ. ನಿಮ್ಮ ತಂದೆಯವರ ಹುಣ್ಣು ಎದ್ದದ್ದು ಸರಿಯಾಗಿ ಅದೇ ಜಾಗದಲ್ಲಿ. ಬೆವರು ತರಿಸುವ ನರವೂ ಕೆಡುವುದರಿಂದ ಅಂಗಾಲು ಬೆವರುವುದಿಲ್ಲ. ಒಣಗಿ, ಬೇಸಿಗೆಯ ಎರೆಹೊಲದ ಹಾಗೆ ಬಿರಿಯುತ್ತದೆ, ಆ ಬಿರುಕಿನಲ್ಲಿ ಕೊಳೆ ಇಳಿಯುತ್ತದೆ.

ಸ್ಪರ್ಶವೇ ಇಲ್ಲದ ಕಾಲಿಗೆ ರಾತ್ರಿ ಉರಿ ಎಲ್ಲಿಂದ ಬಂತು ಎಂದು ಎಲ್ಲರೂ ಕೇಳುತ್ತಾರೆ. "ಉಷ್ಣ ಆಗಿದೆ" ಅಂತ ಹರಳೆಣ್ಣೆ ತಿಕ್ಕಿಸಿಕೊಳ್ಳುತ್ತಾರೆ, ಮದರಂಗಿ ಮೆತ್ತಿಕೊಳ್ಳುತ್ತಾರೆ. ಉರಿಯುವಾಗ ನೀವು ಆ ಪಾದಕ್ಕೆ ಕೈಯಿಟ್ಟು ನೋಡಿ, ಬಹಳ ಸಲ ಅದು ತಣ್ಣಗೇ ಇರುತ್ತದೆ. ಹಳೇ ಲ್ಯಾಂಡ್‌ಲೈನ್ ಫೋನಿನ ತಂತಿ ಹಾಳಾದಾಗ ಗರಗರ ಸದ್ದು ಬರುತ್ತಿತ್ತು, ಆಚೆಯವರ ಮಾತು ಕೇಳುತ್ತಿರಲಿಲ್ಲ. ಇದೂ ಹಾಗೆಯೇ. ಉರಿ ಎನ್ನುವುದು ಕೆಡುತ್ತಿರುವ ನರದ ಗರಗರ ಸದ್ದು. ಅದಕ್ಕೆ ಗುಳಿಗೆಗಳಿವೆ, ನಿಮ್ಮ ವೈದ್ಯರನ್ನು ಕೇಳಿ. ಅಪ್ಪ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ಬಿ12 ವಿಟಮಿನ್ನಿನ ಮಟ್ಟವನ್ನೂ ನೋಡಿಸಿ. ಆ ಗುಳಿಗೆ ಬಹಳ ವರ್ಷ ನುಂಗಿದವರಲ್ಲಿ ಬಿ12 ಕುಸಿಯುವುದುಂಟು, ಅದರಿಂದಲೂ ಕಾಲು ಉರಿಯುತ್ತದೆ. ನನಗೆ ಚಿಂತೆ ಇರುವುದು ಉರಿಯಿಂದಾಗುವ ಇನ್ನೊಂದು ಅನಾಹುತದ್ದು: ತಂಪು ಬೇಕು ಅಂತ ಅವರು ಚಪ್ಪಲಿ ಕಳಚುತ್ತಾರೆ. ಯಾವ ಕಾಲಿಗೆ ಚಪ್ಪಲಿ ಎಲ್ಲರಿಗಿಂತ ಹೆಚ್ಚು ಬೇಕೋ ಆ ಕಾಲೇ ಚಪ್ಪಲಿ ಬೇಡ ಅನ್ನುತ್ತದೆ.

ಸ್ಪರ್ಶವಿಲ್ಲದ ಪಾದದ ಪಾಠ ನಮಗೆ ಸಿಕ್ಕಿದ್ದು ಕುಷ್ಠರೋಗದಿಂದ. ಕುಷ್ಠರೋಗಿಗಳ ಮಾಂಸವೇ ಕೆಟ್ಟದ್ದು, ಅದಕ್ಕೇ ಹುಣ್ಣು ಮಾಯುವುದಿಲ್ಲ ಎಂದು ವೈದ್ಯರೂ ನಂಬಿದ್ದ ಕಾಲದಲ್ಲಿ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಡಾ. ಪಾಲ್ ಬ್ರ್ಯಾಂಡ್ ಬೇರೆಯದನ್ನೇ ತೋರಿಸಿಕೊಟ್ಟರು. ಮಾಂಸದಲ್ಲಿ ದೋಷವಿಲ್ಲ, ನೋವು ತಿಳಿಯದೇ ಇರುವುದೇ ದೋಷ. ಅವರು ಹೇಳಿದ ಇನ್ನೊಂದು ಸಂಗತಿ ನಿಮ್ಮ ತಂದೆಯವರ ಪಾದಯಾತ್ರೆಗೆ ನೇರವಾಗಿ ಸಂಬಂಧಪಟ್ಟದ್ದು. ಮುಳ್ಳು, ಕೆಂಡದಂಥ ದೊಡ್ಡ ಪೆಟ್ಟು ಬೇಕೆಂದೇ ಇಲ್ಲ, ಒಂದೇ ಜಾಗಕ್ಕೆ ಸಾವಿರ ಸಲ ಬೀಳುವ ಸಾಧಾರಣ ಒತ್ತಡ ಸಾಕು ಹುಣ್ಣಾಗಲು.

ಲೆಕ್ಕ ಹಾಕಿ ನೋಡಿ. 400 ಕಿಲೋಮೀಟರ್ ಅಂದರೆ ಐದೂವರೆ ಲಕ್ಷದಷ್ಟು ಹೆಜ್ಜೆ. ಬಲಗಾಲಿನ ಆ ಒಂದು ರೂಪಾಯಿ ಅಗಲದ ಜಾಗ ಎರಡೂಮುಕ್ಕಾಲು ಲಕ್ಷ ಸಲ ನೆಲಕ್ಕೆ ಒತ್ತುತ್ತದೆ. ನಾನೋ ನೀವೋ ನಡೆದಿದ್ದರೆ ಹತ್ತನೇ ಕಿಲೋಮೀಟರಿಗೇ ಅಲ್ಲಿ ಚುರುಗುಟ್ಟಲು ಶುರುವಾಗುತ್ತದೆ. ನಮಗೆ ಗೊತ್ತಿಲ್ಲದೆಯೇ ಪಾದ ಓರೆ ಮಾಡುತ್ತೇವೆ, ಕುಂಟುತ್ತೇವೆ, ಮರದ ನೆರಳು ಕಂಡರೆ ಕೂರುತ್ತೇವೆ. ಆ ಕುಂಟುವಿಕೆಯೇ ನಮ್ಮ ಕಾಲು ಉಳಿಸುವುದು. ನಿಮ್ಮ ತಂದೆಯವರು ಕುಂಟುವುದಿಲ್ಲ.

ಇನ್ನು ಎತ್ತಿನ ಗೊರಸಿನ ಮಾತು. ಇದರಲ್ಲಿ ಅರ್ಧ ನಿಜವಿದೆ. ಬರಿಗಾಲಲ್ಲಿ ಬೆಳೆದವರ ಅಂಗಾಲಿನ ಚರ್ಮ ದಪ್ಪಗಿರುತ್ತದೆ, ಆದರೂ ಮೊಂಡಾಗಿರುವುದಿಲ್ಲ. ಕೀನ್ಯಾ ದೇಶದ ಜನರ ಪಾದಗಳನ್ನು ಪರೀಕ್ಷಿಸಿ 2019ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನವೂ ಇದನ್ನೇ ಹೇಳಿತು: ಚರ್ಮ ಎಷ್ಟು ದಪ್ಪವಾದರೂ ನೆಲದ ಅದುರು ತಿಳಿಯುವ ಶಕ್ತಿ ಕುಗ್ಗಿರಲಿಲ್ಲ. ಅಂಕೋಲಾದ ತುಳಸಿ ಗೌಡ ಅವರು 2021ರಲ್ಲಿ ಬರಿಗಾಲಲ್ಲೇ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ಪಡೆದದ್ದನ್ನು ನಾವೆಲ್ಲ ನೋಡಿದ್ದೇವೆ. ಕಾಡು ತುಳಿದು ಗಟ್ಟಿಯಾದ ಅಂಥ ಪಾದಗಳ ಬಗ್ಗೆ ನನಗೆ ಗೌರವವೇ ಇದೆ.

ಆದರೆ ಸ್ಪರ್ಶ ಕಳೆದುಕೊಂಡ ಕಾಲಿನ ದಡ್ಡು ಬೇರೆ ಜಾತಿಯದು. ಆರೋಗ್ಯವಂತರ ಅಂಗಾಲು ಹದವಾಗಿ, ಚೆನ್ನಾಗಿ ಎಣ್ಣೆ ಕುಡಿದ ತೊಗಲಿನಂತೆ ಇರುತ್ತದೆ. ಇಲ್ಲಿ ಒತ್ತಡ ಬೀಳುವ ಒಂದೇ ಕಡೆ ಕಲ್ಲಿನ ಹರಳಿನಂಥ ಗಂಟು ಕಟ್ಟಿ, ಅದು ಒಳಮಾಂಸವನ್ನೇ ಅರೆಯುತ್ತದೆ. ಅಂಥದ್ದನ್ನು ಬ್ಲೇಡಿನಿಂದ ಪದರ ಪದರವಾಗಿ ಹೆರೆಯುವುದು ನನಗೆ ದಿನನಿತ್ಯದ ಕೆಲಸ. ನಾಲ್ಕೈದು ಪದರ ಹೋದ ಮೇಲೆ ಒಣಗಿದ ರಕ್ತದ ಕಂದು ಕಲೆ ಕಾಣುತ್ತದೆ. ಇನ್ನೆರಡು ಪದರ ಹೋದರೆ ಕೆಳಗೆ ಹುಣ್ಣೇ ಕುಳಿತಿರುತ್ತದೆ, ಮೇಲಿನಿಂದ ನೋಡಿದವರಿಗೆ ಅದು ಗಟ್ಟಿ ಅಂಗಾಲು. (ಮನೆಯಲ್ಲಿ ನೀವು ಹೆರೆಯಲು ಹೋಗಬೇಡಿ. ಮೆಡಿಕಲ್ ಶಾಪಿನ ಆಣಿ ಪಟ್ಟಿಯೂ ಬೇಡ. ಅದರಲ್ಲಿರುವ ಆಮ್ಲಕ್ಕೆ ದಡ್ಡು ಯಾವುದು, ಒಳ್ಳೆಯ ಚರ್ಮ ಯಾವುದು ಎಂದು ಗೊತ್ತಾಗುವುದಿಲ್ಲ.) ನನ್ನ ಬಳಿ ಗೊರಸಿನ ಮಾತು ತೆಗೆದ ಒಬ್ಬ ಒಕ್ಕಲಿಗರಿಗೆ, "ಎತ್ತಿನ ಗೊರಸಿಗೂ ಲಾಳ ಕಟ್ಟಿಸ್ತೀರಲ್ಲ ಯಜಮಾನರೇ" ಅಂದಿದ್ದೆ. ನಕ್ಕರು. ಚಪ್ಪಲಿ ಹಾಕಿಕೊಂಡರೋ ಇಲ್ಲವೋ, ಅದು ಬೇರೆ ಮಾತು.

ಹೋದ ವರ್ಷದ ಹುಣ್ಣು ಮಾಯಿತಲ್ಲ ಅನ್ನಬಹುದು. ಮಾಯ್ದದ್ದು ಮೇಲಿನ ಚರ್ಮ. ನರ, ಮಡಚಿದ ಬೆರಳು, ಒತ್ತುವ ಎಲುಬು ಎಲ್ಲ ಹಾಗೇ ಇವೆ. ಒಮ್ಮೆ ಹುಣ್ಣಾಗಿ ಮಾಯ್ದವರಲ್ಲಿ ನೂರಕ್ಕೆ 40 ಮಂದಿಗೆ ಒಂದೇ ವರ್ಷದಲ್ಲಿ, 65 ಮಂದಿಗೆ ಐದು ವರ್ಷದೊಳಗೆ ಮತ್ತೆ ಹುಣ್ಣಾಗುತ್ತದೆ ಎಂಬುದು ಹಲವು ದೇಶಗಳ ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಬಂದ ಅಂದಾಜು. ಹಾಗಾಗಿ ನಾನು ಚೀಟಿಯಲ್ಲಿ "ಗುಣವಾಗಿದೆ" ಎಂದು ಬರೆಯುವುದಿಲ್ಲ, "ಸದ್ಯ ಮುಚ್ಚಿದೆ" ಎಂದು ಬರೆಯುತ್ತೇನೆ.

ಅಣ್ಣನ ವಿಡಿಯೊಗೆ ಬರೋಣ. ನಡೆದರೆ ಸಕ್ಕರೆ ಇಳಿಯುತ್ತದೆ, ನಿಜ. ಕೆಲಸ ಮಾಡುವ ತೊಡೆ, ಮೀನಖಂಡದ ಸ್ನಾಯುಗಳು ರಕ್ತದ ಸಕ್ಕರೆಯನ್ನು ಹೀರಿಕೊಳ್ಳುತ್ತವೆ. ಕೆಳಗೆ ಚಪ್ಪಲಿ ಇದೆಯೋ ಮಣ್ಣಿದೆಯೋ ಆ ಸ್ನಾಯುಗಳಿಗೆ ಸಂಬಂಧವಿಲ್ಲ. ಇಂಥ ವಿಡಿಯೊಗಳಲ್ಲಿ ಬರುವ, ಭೂಮಿಯಿಂದ ಎಲೆಕ್ಟ್ರಾನುಗಳು ಮೈಗೆ ಹರಿದು ಕಾಯಿಲೆ ವಾಸಿಯಾಗುತ್ತದೆ ಎಂಬ ವಾದಕ್ಕೆ ಆಧಾರವಾಗಿ ತೋರಿಸುವುದು ಬೆರಳೆಣಿಕೆಯ ಜನರ ಮೇಲೆ ನಡೆದ ಸಣ್ಣ ಪ್ರಯೋಗಗಳನ್ನು. ಅವನ್ನು ನಂಬಿ ಗುಳಿಗೆ ಬಿಡುವಂತಿಲ್ಲ. ಅಣ್ಣನ ಕಾಲಿಗೆ ಸ್ಪರ್ಶ ಇದೆ, ಬೆಳಗಿನ ಹುಲ್ಲಿನ ಮೇಲೆ ನಡೆದು ಹಿತ ಅನ್ನಿಸಿದರೆ ಅವರು ನಡೆಯಲಿ. ಅಪ್ಪನನ್ನು ಮಾತ್ರ ಬೆಂಗಳೂರಿಗೆ ಕರೆಸಿಕೊಂಡಾಗ ಪಾರ್ಕಿನ ಬೆಣಚುಕಲ್ಲಿನ ಹಾದಿಗೆ ಇಳಿಸದಿರಲಿ.

ಮಗನ ವಿಷಯ ಬೇಗ ಮುಗಿಯುತ್ತದೆ, ಮತ್ತು ಸಂತೋಷದ್ದು. ನಡಿಗೆ ಕಲಿಯುವ ಮಗು ಬೆರಳುಗಳಿಂದ ನೆಲ ಹಿಡಿಯುತ್ತದೆ, ಹಿಡಿಯುತ್ತ ಹಿಡಿಯುತ್ತ ಪಾದದ ಸ್ನಾಯು ಬಲಿಯುತ್ತದೆ. ಈ ವಿಷಯದಲ್ಲಿ ಜಗತ್ತೇ ಉಲ್ಲೇಖಿಸುವ ಅಧ್ಯಯನ ನಡೆದದ್ದು ನಮ್ಮ ಕರಾವಳಿಯಲ್ಲಿ. ಕಸ್ತೂರಬಾ ಮೆಡಿಕಲ್ ಕಾಲೇಜಿನ ಮೂಳೆ ತಜ್ಞರಾದ ರಾವ್ ಮತ್ತು ಜೋಸೆಫ್ 4ರಿಂದ 13 ವರ್ಷದ 2300 ಮಕ್ಕಳ ಹೆಜ್ಜೆಗುರುತು ತೆಗೆದು ನೋಡಿದರು. 1992ರಲ್ಲಿ ಅದು ಪ್ರಕಟವಾಯಿತು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ನೂರಕ್ಕೆ 8.6 ಮಂದಿಗೆ ಚಪ್ಪಟೆ ಪಾದ, ಹಾಕದವರಲ್ಲಿ 2.8 ಮಂದಿಗೆ. ಮುಂದೆ ಮುಚ್ಚಿದ ಬೂಟು ಹಾಕುವವರಲ್ಲಿ ಚಪ್ಪಲಿಯವರಿಗಿಂತ ಹೆಚ್ಚು. ನಿಮ್ಮ ಮಗನ ಪಾದ ಈಗ ಚಪ್ಪಟೆಯಾಗಿ ಕಂಡರೆ ಗಾಬರಿ ಬೇಡ, ಈ ವಯಸ್ಸಿನಲ್ಲಿ ಬಹುತೇಕ ಎಲ್ಲ ಮಕ್ಕಳದೂ ಹಾಗೇ ಇರುತ್ತದೆ, ಕಮಾನು ನಿಧಾನಕ್ಕೆ ಏಳುತ್ತದೆ. ಹೊರಗೆ ಹೋಗುವಾಗ ಕೈಯಲ್ಲಿ ಬಗ್ಗಿಸಿದರೆ ಬಗ್ಗುವಂಥ, ಬೆರಳಿಗೆ ಜಾಗವಿರುವ ಚಪ್ಪಲಿ ಸಾಕು. ಪೀಂ ಪೀಂ ಬೂಟಿನ ಮೇಲೆ ನನಗೆ ಪ್ರೀತಿಯಿಲ್ಲ. ಸದ್ದಿನ ಆಸೆಗೆ ಮಗು ಹಿಮ್ಮಡಿ ಬಡಿಯುತ್ತ ನಡೆಯಲು ಕಲಿಯುತ್ತದೆ. ಆದರೆ ಬಯಲಿಗೆ ಹೋಗುವ ಅಭ್ಯಾಸ ಇನ್ನೂ ಇರುವ ಕಡೆ, ತಿಪ್ಪೆಯ ಸುತ್ತ ಬರಿಗಾಲು ಬೇಡ. ಕೊಕ್ಕೆಹುಳದ ಮರಿಗಳು ಹಸಿ ಮಣ್ಣಿನಲ್ಲಿದ್ದು, ಅಂಗಾಲಿನ ಚರ್ಮ ಕೊರೆದು ಒಳಹೊಕ್ಕು, ರಕ್ತದ ಮೂಲಕ ಶ್ವಾಸಕೋಶಕ್ಕೆ ಹೋಗಿ, ಅಲ್ಲಿಂದ ಗಂಟಲಿಗೇರಿ, ನುಂಗಿದಾಗ ಕರುಳು ಸೇರುತ್ತವೆ. ಕರುಳಿಗೆ ಕಚ್ಚಿಕೊಂಡು ರಕ್ತ ಹೀರಿ ಮಗುವನ್ನು ಬಿಳಿಚಿಸುತ್ತವೆ. ಫೆಬ್ರುವರಿ 10 ಮತ್ತು ಆಗಸ್ಟ್ 10ರ ಜಂತುಹುಳು ನಿವಾರಣಾ ದಿನದಂದು ಅಂಗನವಾಡಿಯಲ್ಲಿ ಕೊಡುವ ಗುಳಿಗೆ ತಪ್ಪಿಸಬೇಡಿ.

ನಿಮ್ಮದು ಹಿಮ್ಮಡಿಯಿಂದ ಬೆರಳಿಗೆ ಹಾಯುವ ಗಟ್ಟಿ ನಾರಿನ ಪಟ್ಟಿ ಊದಿಕೊಂಡ ನೋವು ಅನ್ನಿಸುತ್ತದೆ. ರಾತ್ರಿಯೆಲ್ಲ ಮುದುಡಿದ್ದ ಪಟ್ಟಿ ಮೊದಲ ಹೆಜ್ಜೆಗೆ ಜಗ್ಗುತ್ತದೆ, ಹತ್ತು ಹೆಜ್ಜೆ ನಡೆದ ಮೇಲೆ ಸಡಿಲವಾಗುತ್ತದೆ. ಮಣ್ಣಿನ ನೆಲ ಹೋಗಿ ಕಡಪ ಕಲ್ಲು, ಟೈಲ್ಸ್ ಬಂದ ಮೇಲೆ ಇದು ಹೆಚ್ಚಾಗಿದೆ ಎಂಬುದು ನನ್ನ ಅನುಭವ. ಅಡುಗೆಮನೆಗೆಂದೇ ಒಂದು ಜೊತೆ ಮೆತ್ತನೆಯ ಚಪ್ಪಲಿ ಇಡಿ. ಹಾಸಿಗೆಯಿಂದ ಇಳಿಯುವ ಮೊದಲು ಬೆರಳುಗಳನ್ನು ಕೈಯಿಂದ ನಿಮ್ಮ ಕಡೆಗೆ ಎಳೆದು ಅರ್ಧ ನಿಮಿಷ ಹಿಡಿಯಿರಿ, ಹತ್ತು ಸಲ. ಕೆಲವು ತಿಂಗಳು ಬೇಕಾಗುತ್ತದೆ.

ಈಗ ಯುಗಾದಿ. ಹರಕೆ ಬಿಡಿ ಎಂದು ಹೇಳುವುದು ವೈದ್ಯನ ಕೆಲಸವಲ್ಲ, ಹೇಳಿದರೂ ನಿಮ್ಮ ತಂದೆಯವರು ಕೇಳುವುದಿಲ್ಲ. ಮನೆಯವರಿಂದ ಬೈಸಿಕೊಂಡು ಸುಮ್ಮನೆ ಕುಳಿತವರು, ನಸುಕಿನಲ್ಲಿ ಹೇಳದೆ ಹೊರಟುಹೋದದ್ದನ್ನು ಕಂಡಿದ್ದೇನೆ. ಅದಕ್ಕೇ ಇರುವ ದಾರಿಗಳನ್ನು ಅವುಗಳ ಅಪಾಯದ ಸಮೇತ ಹೇಳುತ್ತೇನೆ, ಮನೆಯಲ್ಲಿ ಕೂತು ಮಾತಾಡಿ.

ನನ್ನನ್ನು ಕೇಳಿದರೆ, ಈ ವರ್ಷ ಅವರ ಬದಲು ಮನೆಯ ಇನ್ನೊಬ್ಬರು ನಡೆಯಲಿ. ಬರಿಗಾಲಿನ ಮಹಿಮೆ ಚೆನ್ನಾಗಿ ಬಲ್ಲ ನಿಮ್ಮ ಅಣ್ಣನೇ ಇದ್ದಾರಲ್ಲ. ಅಪ್ಪ ಊರಿನಿಂದ ಕಂಬಿ ಹೊರಡುವಾಗ ಚಪ್ಪಲಿ ಮೆಟ್ಟಿಕೊಂಡೇ ಊರ ಅಗಸೆಯವರೆಗೆ ನಡೆದು ಕಳಿಸಿ, ಬಸ್ಸಿನಲ್ಲಿ ಹೋಗಿ ಶ್ರೀಶೈಲದಲ್ಲಿ ಅವರನ್ನು ಕೂಡಿಕೊಳ್ಳಬಹುದು. ಇದು ಒಪ್ಪಿಗೆಯಾಗುವುದೋ ಇಲ್ಲವೋ ಕಂಬಿಯ ಹಿರಿಯರನ್ನು, ನಿಮ್ಮ ಮಠದ ಸ್ವಾಮಿಗಳನ್ನು ಕೇಳಿ. ಕಾಲು ತೋರಿಸಿ ಕೇಳಿದರೆ ಬೇಡ ಅಂದವರನ್ನು ನಾನು ಕಂಡಿಲ್ಲ. ಮಗಳ ಮಾತು, ಡಾಕ್ಟರ ಮಾತು ನಾಟದ ಕಡೆ ಅವರ ಮಾತು ನಾಟುತ್ತದೆ.

ನಡೆದೇ ಹೋಗುತ್ತೇನೆ ಅಂದರೆ ಚಪ್ಪಲಿ ಮೆಟ್ಟಿ ನಡೆಯಬೇಕು, ಅದಕ್ಕೂ ಮೊದಲು ಕಾಲಿನ ರಕ್ತದ ಹರಿವು ನೋಡಿಸಬೇಕು. ಪಾದದ ಮೇಲೆ ಮತ್ತು ಕಣಕಾಲಿನ ಒಳಬದಿಯ ಗಂಟಿನ ಹಿಂದೆ ನಾಡಿ ಸಿಗುತ್ತದೆಯೇ, ಕಾಲಿನ ಬಿಪಿಗೂ ಕೈಯ ಬಿಪಿಗೂ ತಾಳೆಯಾಗುತ್ತದೆಯೇ ಎಂದು ನೋಡುವ ಸಣ್ಣ ಪರೀಕ್ಷೆ ಅದು. ಹರಿವು ಕಡಿಮೆಯಿದ್ದರೆ ಯಾವ ಚಪ್ಪಲಿ ಹಾಕಿಯೂ ಅಷ್ಟು ದೂರ ಬೇಡ. ಹರಿವು ಸರಿಯಿದ್ದರೆ, ದಿನದ ನಡಿಗೆ ಅರ್ಧಕ್ಕಿಳಿಸಿ ಉಳಿದದ್ದು ಗಾಡಿಯಲ್ಲಿ. ಆಂಧ್ರದ ಆತ್ಮಕೂರು ದಾಟಿದ ಮೇಲೆ ಬರುವ ನಾಗಲೂಟಿಯ ಕಾಡು, ಭೀಮನಕೊಳ್ಳದ ಕಲ್ಲುಮೆಟ್ಟಿಲು ಬೇಡವೇ ಬೇಡ, ಅಲ್ಲಿ ಕಾಲು ಹುಣ್ಣಾದರೆ ಎತ್ತಿಕೊಂಡು ಬರಬೇಕಾಗುತ್ತದೆ. ಇಷ್ಟು ಮಾಡಿಯೂ ಹುಣ್ಣಾಗಬಹುದು ಎಂಬುದು ಮೊದಲೇ ಗೊತ್ತಿರಲಿ.

ಮೂರನೆಯದು ಅವರು ಈಗ ಹೊರಟಿರುವ ದಾರಿ, ಪೂರ್ತಿ ಬರಿಗಾಲು. ಯುಗಾದಿ ಹೊತ್ತಿನ ಮಧ್ಯಾಹ್ನ ಡಾಂಬರು ರಸ್ತೆಯ ಮೈ 55-60 ಡಿಗ್ರಿ ಮುಟ್ಟುವುದುಂಟು. ಸ್ಪರ್ಶವಿದ್ದವರು ರಸ್ತೆ ಬಿಟ್ಟು ಪಕ್ಕದ ಹುಲ್ಲಿಗೆ ಓಡುತ್ತಾರೆ, ನಿಮ್ಮ ತಂದೆಯವರು ನಡುರಸ್ತೆಯಲ್ಲೇ ನಡೆಯುತ್ತಾರೆ. ಸಂಜೆ ಗುಳ್ಳೆ, ನಾಲ್ಕು ದಿನಕ್ಕೆ ಕೀವು, ಹತ್ತು ದಿನಕ್ಕೆ ಎಲುಬಿಗೆ ಸೋಂಕು. ಆಮೇಲೆ ನನ್ನಂಥವರ ಬಳಿ ಬಂದು ಬೆರಳು ತೆಗೆಸಿಕೊಳ್ಳುವುದು. ಒಂದು ಬೆರಳು ಹೋದರೆ ಅದರ ಭಾರ ಪಕ್ಕದ್ದರ ಮೇಲೆ ಬಿದ್ದು ಅಲ್ಲಿಯೂ ಹುಣ್ಣು. ಹೀಗೆ ಶುರುವಾಗಿ ಮೊಣಕಾಲಿನ ಕೆಳಗೆ ಕತ್ತರಿಸುವಲ್ಲಿಗೆ ಮುಗಿದ ಯಾತ್ರೆಗಳನ್ನು ಬೇಸಿಗೆಯಲ್ಲಿ ನೋಡುತ್ತಿರುತ್ತೇನೆ.

ಚಪ್ಪಲಿ ಅಂದೆ, ಎಂಥದ್ದು? ಎಂಸಿಆರ್ ಎಂಬ ಮೆತ್ತನೆಯ ರಬ್ಬರಿನದು, ಕುಷ್ಠರೋಗಿಗಳಿಗೆ ಸರ್ಕಾರ ಉಚಿತವಾಗಿ ಕೊಡುವ ಬಗೆಯದು. ಹೆಬ್ಬೆಟ್ಟಿನಿಂದ ಒತ್ತಿದರೆ ತಗ್ಗಾಗಿ, ಬಿಟ್ಟ ಕೂಡಲೇ ಮೇಲೇಳಬೇಕು. ಆದರೆ ಅದೊಂದೇ ಇದ್ದರೆ ಜಾಲಿಮುಳ್ಳು ಬೆಣ್ಣೆಗೆ ಇಳಿದಂತೆ ಇಳಿಯುತ್ತದೆ. ಅಡಿಗೆ ಗಟ್ಟಿ ರಬ್ಬರಿನ ತಳ ಇರಲೇಬೇಕು. ಹಿಮ್ಮಡಿಗೆ ಹಿಂಪಟ್ಟಿ ಇರಲಿ, ಕಳಚಿ ಬಿದ್ದದ್ದು ತಿಳಿಯದ ಕಾಲಿಗೆ ಹವಾಯಿ ಚಪ್ಪಲಿ ಆಗದು. ಉಂಗುಟದ ಚರ್ಮದ ಚಪ್ಪಲಿಯನ್ನೂ ಬಿಡಬೇಕು. ನಿಮ್ಮ ಜಿಲ್ಲೆಯವರಿಗೆ ಇದು ಬೇಸರದ ಮಾತು, ಕೊಲ್ಹಾಪುರಿ ಚಪ್ಪಲಿಯ ಭೌಗೋಳಿಕ ಗುರುತಿನಲ್ಲಿ ಬಾಗಲಕೋಟೆಯೂ ಸೇರಿದೆ. ಹೊಸ ಚಪ್ಪಲಿ ಕಚ್ಚುತ್ತದೆ ಅನ್ನುತ್ತೇವೆ, ಈ ಕಾಲಿಗೆ ಕಚ್ಚಿದರೂ ತಿಳಿಯುವುದಿಲ್ಲ. ಹಾಗಾಗಿ ಸಂಜೆ, ಪಾದ ಊದಿಕೊಂಡಿರುವ ಹೊತ್ತಿನಲ್ಲಿ ಅಳತೆ ಕೊಟ್ಟು, ಮೊದಮೊದಲು ದಿನಕ್ಕೆ ಒಂದು ಗಂಟೆ ಮಾತ್ರ ಮೆಟ್ಟಿ, ಬಿಚ್ಚಿದಾಗ ಕೆಂಪಾಗಿದೆಯೇ ನೋಡಬೇಕು. ಹೊರಡುವ ಎರಡು ತಿಂಗಳು ಮೊದಲೇ ಶುರುಮಾಡಿ, ದಾರಿಗೆಂದು ಹೊಸದು ಕೊಳ್ಳಬೇಡಿ. ಪ್ರತಿ ಸಲ ಮೆಟ್ಟುವ ಮೊದಲು ಒಳಗೆ ಕೈಯಾಡಿಸಿ ನೋಡಲಿ. ಗುಡಿಯೊಳಗೆ ಚಪ್ಪಲಿ ಬಿಡಲೇಬೇಕಲ್ಲ, ಅಲ್ಲಿಗೆ ದಪ್ಪನೆಯ ಬಿಳಿ ಹತ್ತಿ ಕಾಲುಚೀಲ ಹಾಕಿ, ಕಲ್ಲು ಕಾಯುವ ಮೊದಲು ಬೆಳಗಿನ ಜಾವ ದರ್ಶನ ಮುಗಿಸಲಿ. ಬಿಳಿಯೇ ಆಗಲಿ, ರಕ್ತದ ಕಲೆ ಬಿದ್ದರೆ ಕಣ್ಣಿಗೆ ಕಾಣುತ್ತದೆ.

ದಾರಿಯಲ್ಲಿ ಜೊತೆಗೆ ಹೋಗುವವರು ಪ್ರತಿ ರಾತ್ರಿ ದೀಪದ ಬೆಳಕಿನಲ್ಲಿ ಎರಡೂ ಅಂಗಾಲು, ಬೆರಳ ಸಂದಿ ನೋಡಬೇಕು. ಗುಳ್ಳೆ ಎದ್ದಿದ್ದರೆ ಚುಚ್ಚಬಾರದು. ಮುಳ್ಳು ಮುರಿದು ಒಳಗುಳಿದರೆ ಎಕ್ಕದ ಹಾಲು ಹಾಕುವ ರೂಢಿ ನಿಮ್ಮ ಕಡೆ ಇದೆ, ಈ ಕಾಲಿಗೆ ಹಾಕಿದರೆ ಚರ್ಮವೇ ಬೆಂದುಹೋಗುತ್ತದೆ. ಶುದ್ಧ ನೀರಿನಲ್ಲಿ ತೊಳೆದು, ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆ ಸುತ್ತಿ, ಅವತ್ತೇ ಹತ್ತಿರದ ಆಸ್ಪತ್ರೆಗೆ. ಧನುರ್ವಾಯು ತಡೆಗೆ ಟಿಟಿ ಬದಲು ಈಗ ಕೊಡುವ ಟಿಡಿ ಚುಚ್ಚುಮದ್ದು ಹತ್ತು ವರ್ಷದಿಂದ ಆಗಿಲ್ಲದಿದ್ದರೆ ಹೊರಡುವ ಮೊದಲೇ ಹಾಕಿಸಿ. ಇನ್ನೊಂದು ಗುರುತು ಬಹಳ ಮಂದಿಗೆ ಗೊತ್ತಿಲ್ಲ. ಗಾಯವೇ ಇಲ್ಲದೆ ಒಂದು ಪಾದ ಮಾತ್ರ ಕೆಂಪಗೆ, ಬಿಸಿಯಾಗಿ, ಊದಿಕೊಂಡು, ಹೆಚ್ಚು ನೋವಿಲ್ಲದಿದ್ದರೆ, ಅದು ಒಳಗಿನ ಎಲುಬು ಪುಡಿಯಾಗುತ್ತಿರುವ ಲಕ್ಷಣ ಇರಬಹುದು, ಶಾರ್ಕೋ ಪಾದ ಅನ್ನುತ್ತೇವೆ. ಉಳುಕಿದೆ ಅಂತ ತಿಕ್ಕಿಸಿ ನಡೆದರೆ ಪಾದದ ಆಕಾರವೇ ಕೆಟ್ಟುಹೋಗುತ್ತದೆ. ಅಲ್ಲಿಂದ ಒಂದು ಹೆಜ್ಜೆಯೂ ಇಡಕೂಡದು. ಮತ್ತೆ, ಗುಳಿಗೆ ನುಂಗಿ ಉಪವಾಸ ನಡೆಯುವುದು ಬೇಡ, ಸಕ್ಕರೆ ಏಕಾಏಕಿ ಇಳಿದು ಬೀಳುತ್ತಾರೆ. ಜೇಬಿನಲ್ಲಿ ಬೆಲ್ಲ ಇರಲಿ.

ಇದಕ್ಕೆಲ್ಲ ಮೊದಲು ನೀವು ಇವತ್ತೇ ಮಾಡಬಹುದಾದ ಒಂದು ಕೆಲಸ ಇದೆ. ಆಸ್ಪತ್ರೆಯಲ್ಲಿ ನಾವು ಮೀನಿನ ಗಾಳದ ದಾರದಂಥ ಒಂದು ನೈಲಾನ್ ಎಳೆಯಿಂದ ನೋಡುತ್ತೇವೆ, ಅದು ಬಾಗುವಷ್ಟು ಒತ್ತಿದರೆ 10 ಗ್ರಾಂ ಭಾರ. ಮನೆಯಲ್ಲಿ ನಿಮ್ಮ ಬೆರಳೇ ಸಾಕು. ಅಪ್ಪನನ್ನು ಮಂಚದ ಮೇಲೆ ಕಾಲು ಚಾಚಿ ಮಲಗಿಸಿ, ಕಣ್ಣು ಮುಚ್ಚಲು ಹೇಳಿ. ಮುಟ್ಟಿದಾಗ ಎಡ, ಬಲ ಎಂದು ಹೇಳಲು ತಿಳಿಸಿ. ನಿಮ್ಮ ತೋರುಬೆರಳ ತುದಿಯಿಂದ ಅವರ ಹೆಬ್ಬೆರಳು, ನಡುಬೆರಳು, ಕಿರುಬೆರಳ ತುದಿಗಳನ್ನು ಒಂದೊಂದಾಗಿ, ಎರಡೂ ಕಾಲಲ್ಲಿ, ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿ. ಒತ್ತಬೇಡಿ, ತಟ್ಟಬೇಡಿ, ಒಮ್ಮೆ ಮುಟ್ಟಿದ ಬೆರಳನ್ನು ಮತ್ತೆ ಮುಟ್ಟಬೇಡಿ. ಒಟ್ಟು ಆರು. ಅದರಲ್ಲಿ ಎರಡೋ ಹೆಚ್ಚೋ ತಪ್ಪಿದರೆ ಸ್ಪರ್ಶ ಹೋಗಿದೆ ಎಂದೇ ಲೆಕ್ಕ. ಮುಗಿದ ಮೇಲೆ ಕಣ್ಣು ತೆರೆಸಿ, ಎಷ್ಟು ಸಲ ಮುಟ್ಟಿದೆ ಎಂದು ಅವರನ್ನೇ ಕೇಳಿ. ನನ್ನ ಎದುರು ಕಾಲು ಚಾಚಿ ಮಲಗಿದ ಎಷ್ಟೋ ಯಜಮಾನರು, ಆರೂ ಬೆರಳು ಮುಟ್ಟಿ ಮುಗಿಸಿ ನಾನು ಕೈ ತೊಳೆಯಲು ಎದ್ದಾಗ, "ಇನ್ನೂ ಮುಟ್ಟೇ ಇಲ್ಲಲ್ರೀ ಡಾಕ್ಟ್ರ" ಅಂದಿದ್ದಾರೆ.